ಕಲಬುರಗಿಯಲ್ಲಿದ್ದು ಮೊಸಳೆ, ಆಸ್ಟ್ರಿಚ್ ತೊಗಲಿನ ದುಬಾರಿ ಬ್ಯಾಗು ಸಂಗ್ರಹಿಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಕಲಬುರಗಿಯ ಮದುವೆಗಳಲ್ಲಿ ಈಗ ಬಂಗಾರ, ಇಳಕಲ್ ಸೀರೆ ನೋಡಿದ ಮೇಲೆ ಕಣ್ಣು ಕೈಯಲ್ಲಿರುವ ಬ್ಯಾಗಿನ ಕಡೆ ಹೋಗುತ್ತದೆ. ಬೇಳೆ ಮಿಲ್ಲಿನ ಮನೆತನದವರು, ಡಾಕ್ಟರುಗಳು, ಮಕ್ಕಳು ದುಬೈ, ಅಮೆರಿಕದಲ್ಲಿ ಇರುವವರು, ಇಂಥ ಮನೆಗಳ ಅಲಮಾರಿಯಲ್ಲಿ ಒಂದು ಮೊಸಳೆ ತೊಗಲಿನ ಬ್ಯಾಗು ಇದ್ದರೆ ಆಶ್ಚರ್ಯವೇನಿಲ್ಲ. ಆದರೆ ಅದು ಯಾವ ಮೊಸಳೆ, ಯಾವ ದೇಶದ್ದು, ಕಾಗದ ಎಲ್ಲಿದೆ ಅಂತ ಕೇಳಿದರೆ ಉತ್ತರ ಸಿಗುವುದು ಕಡಿಮೆ.

ಈ ಬರಹ ಆ ಉತ್ತರ ಇಟ್ಟುಕೊಂಡು ಸಂಗ್ರಹಿಸಬೇಕು ಅನ್ನುವವರಿಗೆ. ನನ್ನ ಮಾತು ಇಷ್ಟೇ: ಬ್ಯಾಗಿನ ಹೆಸರಿಗಿಂತ ಮೊದಲು ಪ್ರಾಣಿಯನ್ನು ನೋಡಿ, ಪ್ರಾಣಿಯ ಜೊತೆಗೇ ಕಾಗದ ನೋಡಿ. ಕಾಗದ ಇಲ್ಲದ ಮೊಸಳೆ ಬ್ಯಾಗಿಗೆ ಎಷ್ಟು ದುಡ್ಡು ಕೊಟ್ಟರೂ ಅದು ಪೂರ್ತಿ ನಿಮ್ಮದಾಗುವುದಿಲ್ಲ.

ಹಂತ 1: ಯಾವ ಪ್ರಾಣಿಯ ತೊಗಲು ಬೇಕು ಅಂತ ತೀರ್ಮಾನಿಸಿ

ಎಕ್ಸಾಟಿಕ್ ಲೆದರ್ ಅಂದರೆ ದನ, ಎಮ್ಮೆ, ಕುರಿ, ಮೇಕೆ ಬಿಟ್ಟು ಉಳಿದ ತೊಗಲು. ಮೊಸಳೆ, ಅಲಿಗೇಟರ್, ಹೆಬ್ಬಾವು, ಉಡದ ಜಾತಿಯ ಹಲ್ಲಿಗಳು, ಆಸ್ಟ್ರಿಚ್, ಸ್ಟಿಂಗ್‌ರೇ ಮೀನು, ಇವು ಮುಖ್ಯ. ಹೊರದೇಶದ ಸಂಗ್ರಹಕಾರರು ಇವುಗಳಲ್ಲಿ ಚೆಂದ, ಬೆಲೆ ಎರಡನ್ನು ನೋಡಿ ಆರಿಸುತ್ತಾರೆ. ನಾವು ಭಾರತದಲ್ಲಿದ್ದೇವೆ. ನಮಗೆ ಮೂರನೆಯ ಲೆಕ್ಕ ಒಂದಿದೆ: ಆ ಪ್ರಾಣಿ ನಮ್ಮ ದೇಶದ ಕಾಡಲ್ಲಿ, ಹೊಳೆಯಲ್ಲಿ ಇದೆಯೇ?

ಇದ್ದರೆ ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಷೆಡ್ಯೂಲ್ 1ರಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ, ನಮ್ಮ ಮೊಸಳೆಗಳೂ, ಹೆಬ್ಬಾವುಗಳೂ, ಉಡಗಳೂ ಇವೆ. ಷೆಡ್ಯೂಲ್ 1ರ ಪ್ರಾಣಿಯ ವಿಷಯದಲ್ಲಿ ಅಪರಾಧ ಸಾಬೀತಾದರೆ ಕನಿಷ್ಠ ಮೂರು ವರ್ಷ, ಹೆಚ್ಚೆಂದರೆ ಏಳು ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆ ಇಲ್ಲದ ದಂಡ.

ಇಲ್ಲೇ ಬಹಳ ಜನ ಎಡವುತ್ತಾರೆ. ಬ್ಯಾಗಿನ ಲೋಕದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ತೊಗಲು ಪೊರೊಸಸ್ ಮೊಸಳೆಯದು. ಹುರುಪೆ ಸಣ್ಣ, ಎಡ-ಬಲ ಸಮ, ನೋಡಲು ಬಲು ಚೆಂದ. ಆಸ್ಟ್ರೇಲಿಯಾದ ಫಾರ್ಮಿನಿಂದ ಬಂದರೆ ಅಲ್ಲಿ ಅದು ಕಾನೂನಿನ ವ್ಯಾಪಾರ. ಆದರೆ ಅದೇ ಜಾತಿಯ ಉಪ್ಪುನೀರಿನ ಮೊಸಳೆ ನಮ್ಮ ಒಡಿಶಾದ ಭಿತರಕನಿಕಾದಲ್ಲೂ, ಸುಂದರಬನದಲ್ಲೂ, ಅಂಡಮಾನಿನಲ್ಲೂ ಇದೆ. ಅಂದರೆ ಅದು ನಮ್ಮ ಷೆಡ್ಯೂಲ್ 1ರ ಪ್ರಾಣಿ. ಹೆಬ್ಬಾವಿನ ಬ್ಯಾಗುಗಳದ್ದೂ ಇದೇ ಕತೆ. ವ್ಯಾಪಾರದಲ್ಲಿ ಓಡಾಡುವ ಬರ್ಮೀಸ್ ಹೆಬ್ಬಾವು, ಬಲೆಯ ಗೆರೆಯಿರುವ ರೆಟಿಕ್ಯುಲೇಟೆಡ್ ಹೆಬ್ಬಾವು ಎರಡೂ ಭಾರತದಲ್ಲಿವೆ. ಉಂಗುರದಂಥ ಗುರುತಿರುವ ವಾಟರ್ ಮಾನಿಟರ್ ಹಲ್ಲಿಯೂ ಅಷ್ಟೇ.

ಹಾಗಾಗಿ ಇಲ್ಲಿ ಕೂತು ಸಂಗ್ರಹಿಸುವವರಿಗೆ ನನ್ನ ಸಲಹೆ ಮೂರು ತೊಗಲು. ಒಂದು, ದಕ್ಷಿಣ ಆಫ್ರಿಕಾದ ಫಾರ್ಮಿನ ಆಸ್ಟ್ರಿಚ್. ಎರಡು, ಅಮೆರಿಕದ ಅಲಿಗೇಟರ್. ಮೂರು, ಆಫ್ರಿಕಾದ ನೈಲ್ ಮೊಸಳೆ, ಅಂದರೆ ನಿಲೋಟಿಕಸ್. ಹೊಸಬರು ಆಸ್ಟ್ರಿಚ್‌ನಿಂದಲೇ ಶುರು ಮಾಡಿ. ಗಟ್ಟಿ ತೊಗಲು, ಬಾಗಿದರೂ ಬಿರಿಯುವುದಿಲ್ಲ. ದಕ್ಷಿಣ ಆಫ್ರಿಕಾದ ಫಾರ್ಮಿನ ಆಸ್ಟ್ರಿಚ್‌ಗೆ ಮೊಸಳೆಯಷ್ಟು ಕಾಗದದ ತಾಪತ್ರಯವೂ ಇಲ್ಲ.

ಅಲಿಗೇಟರ್ ನನಗೆ ಇಷ್ಟವಾಗಲು ಇನ್ನೊಂದು ಕಾರಣವಿದೆ. 1967ರಲ್ಲಿ ಅಮೆರಿಕದಲ್ಲಿ ಅದನ್ನು ಅಳಿವಿನ ಅಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿದ್ದರು. 1987ರಲ್ಲಿ ಪೂರ್ತಿ ಚೇತರಿಸಿಕೊಂಡಿದೆ ಅಂತ ಘೋಷಿಸಿದರು. ಲೂಸಿಯಾನಾದಲ್ಲಿ ಜೌಗಿನಿಂದ ಮೊಟ್ಟೆ ತಂದು ಮರಿ ಮಾಡುವ ಫಾರ್ಮಿನವರು ಬೆಳೆದ ಮರಿಗಳಲ್ಲಿ ಒಂದು ಪಾಲನ್ನು ಮತ್ತೆ ಜೌಗಿಗೆ ಬಿಡಬೇಕು. ಜಮೀನಿನ ಮಾಲೀಕರಿಗೆ ಮೊಟ್ಟೆಯಿಂದ ದುಡ್ಡು ಬರುವುದರಿಂದ ಜೌಗು ಜೌಗಾಗಿಯೇ ಉಳಿಯುತ್ತದೆ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಫಾರ್ಮಿನಲ್ಲಿ ಪ್ರಾಣಿಯನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ಗಂಭೀರ ಆಕ್ಷೇಪಗಳಿವೆ. 2015ರಲ್ಲಿ ನಟಿ ಜೇನ್ ಬರ್ಕಿನ್ ಅವರೇ ಮೊಸಳೆ ತೊಗಲಿನ ಬರ್ಕಿನ್ ಬ್ಯಾಗಿನಿಂದ ತಮ್ಮ ಹೆಸರು ತೆಗೆಯಿರಿ ಅಂತ ಆ ಬ್ಯಾಗು ಮಾಡುವ ಫ್ರಾನ್ಸಿನ ಎರ್ಮೆಸ್ ಕಂಪನಿಯನ್ನು ಕೇಳಿದ್ದರು. ಕಂಪನಿ ಕ್ರಮ ಕೈಗೊಂಡ ಮೇಲೆ ಆ ಮಾತು ಅಲ್ಲಿಗೆ ನಿಂತಿತು. 2018ರ ಡಿಸೆಂಬರ್‌ನಲ್ಲಿ ಫ್ರಾನ್ಸಿನದೇ ಇನ್ನೊಂದು ಕಂಪನಿ ಶನೆಲ್ ಮೊಸಳೆ, ಹಾವು, ಹಲ್ಲಿ, ಸ್ಟಿಂಗ್‌ರೇ ತೊಗಲನ್ನೆಲ್ಲ ಬಿಡುವುದಾಗಿ ಹೇಳಿತು. ಇದನ್ನೆಲ್ಲ ತಿಳಿದುಕೊಂಡೇ ಕೊಳ್ಳಬೇಕೋ ಬೇಡವೋ ಅಂತ ನಿರ್ಧರಿಸಿ. ತಿಳಿದು ಬೇಡ ಅನ್ನುವವರ ಮೇಲೆ ನನಗೆ ಪೂರ್ತಿ ಗೌರವವಿದೆ.

ನಮ್ಮ ಭಾಗದವರಿಗೆ ಇದು ದೂರದ ವಿಷಯವೂ ಅಲ್ಲ. ಯಾದಗಿರಿ ಜಿಲ್ಲೆಯ ಕೃಷ್ಣೆಯಲ್ಲಿ ಮೊಸಳೆಗಳಿವೆ. ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವುದನ್ನು ಹೊಳೆ ದಂಡೆಯ ಊರವರೆಲ್ಲ ನೋಡಿದ್ದಾರೆ. ಒಂದು ಕಾಲಕ್ಕೆ ತೊಗಲಿನ ಆಸೆಗೇ ದೇಶದ ತುಂಬ ಇವುಗಳ ಸಂಖ್ಯೆ ಬಿದ್ದುಹೋಗಿತ್ತು. 1975ರಲ್ಲಿ ಮೊಸಳೆ ಸಂರಕ್ಷಣಾ ಯೋಜನೆ ಶುರುವಾದ ಮೇಲೆ ಮತ್ತೆ ಏರಿತು. ಹೊಲದಲ್ಲಿ ಹಿಡಿದ ಉಡದ ತೊಗಲು ತಂದು "ಪರ್ಸ್ ಮಾಡಿಸ್ರಿ" ಅನ್ನುವವರು ಇವತ್ತಿಗೂ ಸಿಗಬಹುದು. ಬೇಡ ಅಂತ ಹೇಳಿ ಸುಮ್ನೆ ಬಂದುಬಿಡಬೇಡಿ. ಅರಣ್ಯ ಇಲಾಖೆಗೆ ತಿಳಿಸಿ.

ಹಂತ 2: ಕಾಗದ ಓದಲು ಕಲಿಯಿರಿ

ಕಾಡುಪ್ರಾಣಿ, ಅವುಗಳ ತೊಗಲು ದೇಶದಿಂದ ದೇಶಕ್ಕೆ ಹೋಗುವುದನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಒಪ್ಪಂದದ ಹೆಸರು ಸೈಟಿಸ್. ಭಾರತ 1976ರಿಂದ ಅದರಲ್ಲಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಮಾಡಿದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾಯಿತು. ಆಗಿನಿಂದ ಸೈಟಿಸ್ ಪಟ್ಟಿಯ ಪ್ರಾಣಿಗಳಿಗೆ ನಮ್ಮ ಕಾಯ್ದೆಯಲ್ಲೇ ಬೇರೆ ಅಧ್ಯಾಯ, ಬೇರೆ ಷೆಡ್ಯೂಲ್ ಇದೆ. ಅಂದರೆ "ಅದು ಹೊರದೇಶದ ನಿಯಮ, ನಮಗ್ಯಾಕೆ" ಅನ್ನುವ ಮಾತು ಈಗ ನಡೆಯುವುದಿಲ್ಲ.

ಸೈಟಿಸ್ ಪರ್ಮಿಟ್ ಕೈಗೆ ಬಂದಾಗ ಇಷ್ಟು ನೋಡಿ. ಪ್ರಾಣಿಯ ಲ್ಯಾಟಿನ್ ಹೆಸರು ಇರಬೇಕು. ಅಲಿಗೇಟರ್ ಆದರೆ ಅಲಿಗೇಟರ್ ಮಿಸಿಸಿಪಿಯೆನ್ಸಿಸ್, ನೈಲ್ ಮೊಸಳೆ ಆದರೆ ಕ್ರೊಕೊಡೈಲಸ್ ನಿಲೋಟಿಕಸ್. ಬರೀ "ಮೊಸಳೆ ತೊಗಲು" ಅಂತ ಬರೆದಿದ್ದರೆ ಅದು ಪರ್ಮಿಟ್ಟೇ ಅಲ್ಲ. ಪ್ರಾಣಿ ಸೈಟಿಸ್‌ನ ಯಾವ ಅನುಬಂಧದಲ್ಲಿ, ಅಂದರೆ ಯಾವ ಪಟ್ಟಿಯಲ್ಲಿ ಇದೆ ಅಂತ ಇರಬೇಕು. ವ್ಯಾಪಾರಕ್ಕೆ ಅವಕಾಶವಿರುವುದು ಸಾಮಾನ್ಯವಾಗಿ ಅನುಬಂಧ 2ರದ್ದಕ್ಕೆ. ಮೂಲದ ಅಕ್ಷರ ನೋಡಿ: ಡಬ್ಲ್ಯೂ ಅಂದರೆ ಕಾಡಿನಿಂದ ಹಿಡಿದದ್ದು, ಸಿ ಅಂದರೆ ಸಾಕಣೆಯಲ್ಲೇ ಹುಟ್ಟಿದ್ದು, ಆರ್ ಅಂದರೆ ಮೊಟ್ಟೆ ಅಥವಾ ಮರಿ ತಂದು ಫಾರ್ಮಿನಲ್ಲಿ ಬೆಳೆಸಿದ್ದು. ಉದ್ದೇಶದ ಜಾಗದಲ್ಲಿ ಟಿ ಇದ್ದರೆ ವ್ಯಾಪಾರ, ಪಿ ಇದ್ದರೆ ಸ್ವಂತ ಬಳಕೆ. ರಫ್ತು ಪರ್ಮಿಟ್ಟಿನ ಆಯಸ್ಸು ಆರು ತಿಂಗಳಿಗಿಂತ ಜಾಸ್ತಿ ಇರುವುದಿಲ್ಲ. ಬ್ಯಾಗು ದೇಶದೊಳಗೆ ಬಂದ ತಾರೀಖು ಆ ಅವಧಿಯೊಳಗೆ ಇದೆಯೇ ಅಂತ ಹೊಂದಿಸಿ ನೋಡಿ.

ಒಂದು ಕಡೆಯ ಕಾಗದ ಸಾಲುವುದಿಲ್ಲ. 2021ರಲ್ಲಿ ಆಸ್ಟ್ರೇಲಿಯಾದ ಒಬ್ಬಾಕೆ ಫ್ರಾನ್ಸಿನಿಂದ 26,000 ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ಬೆಲೆಯ ಅಲಿಗೇಟರ್ ಬ್ಯಾಗು ತರಿಸಿದರು. ಫ್ರಾನ್ಸಿನ ರಫ್ತು ಪರ್ಮಿಟ್ ಇತ್ತು. ಸುಮಾರು 70 ಡಾಲರಿನ ಆಮದು ಪರ್ಮಿಟ್ ತೆಗೆಸಿರಲಿಲ್ಲ. ಬ್ಯಾಗನ್ನು ಹಿಡಿದು ನಾಶ ಮಾಡಿದರು. ಮಾರುವವರ ಕತೆಯೂ ಹೇಳಬೇಕು. ಕೊಲಂಬಿಯಾದ ಹೆಸರುವಾಸಿ ಡಿಸೈನರ್ ನ್ಯಾನ್ಸಿ ಗೊನ್ಸಾಲೆಸ್ ಪರ್ಮಿಟ್ ಇಲ್ಲದೆ ಕೈಮನ್ (ಮೊಸಳೆಯಂಥದೇ ಪ್ರಾಣಿ), ಹೆಬ್ಬಾವಿನ ಬ್ಯಾಗುಗಳನ್ನು ವಿಮಾನದ ಪ್ರಯಾಣಿಕರ ಕೈಲಿ ಅಮೆರಿಕಕ್ಕೆ ಸಾಗಿಸಿದ್ದಕ್ಕೆ 2024ರಲ್ಲಿ 18 ತಿಂಗಳ ಜೈಲು ಶಿಕ್ಷೆಗೆ ಒಳಗಾದರು. ಅಂಗಡಿ ದೊಡ್ಡದು, ಹೆಸರು ದೊಡ್ಡದು ಅಂತ ಕಾಗದ ಕೇಳದೆ ಬಿಡಬಾರದು, ಅಲ್ವಾ?

ಹೊರಗಿನಿಂದ ತರಿಸುವ ಮನಸ್ಸಿದ್ದರೆ ದುಡ್ಡು ಕಟ್ಟುವ ಮೊದಲೇ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋದ ಪ್ರಾದೇಶಿಕ ಕಚೇರಿಗೆ ಪ್ರಾಣಿಯ ಲ್ಯಾಟಿನ್ ಹೆಸರು, ದೇಶ, ಬ್ಯಾಗಿನ ಫೋಟೋ ಕೊಟ್ಟು ಬರೆದು ಕೇಳಿ. ಮುಂಬೈಯಲ್ಲೂ ಚೆನ್ನೈಯಲ್ಲೂ ಕಚೇರಿ ಇದೆ. ಯಾವ ಬಂದರು, ಯಾವ ವಿಮಾನ ನಿಲ್ದಾಣದ ಮೂಲಕ ತರಬಹುದು ಅನ್ನುವುದನ್ನೂ ಕೇಳಿಕೊಳ್ಳಿ. ನಮಗೆ ಹತ್ತಿರ ಅಂತ ಹೈದರಾಬಾದಿಗೆ ಇಳಿದುಬಿಟ್ಟರೆ ಆಯಿತು ಅಂದುಕೊಳ್ಳಬೇಡಿ. ಉತ್ತರ ಲಿಖಿತವಾಗಿ ಬಂದ ಮೇಲೆ ಮುಂದುವರಿಯಿರಿ. ಅಮೆರಿಕದಲ್ಲಿರುವ ಮಗಳು ಸೂಟ್‌ಕೇಸಿನಲ್ಲಿ ತಂದುಕೊಡುತ್ತಾಳೆ ಅನ್ನುವ ದಾರಿ ಬೇಡವೇ ಬೇಡ. ಆಕೆಯನ್ನೇ ಸಿಕ್ಕಿಹಾಕಿಸಿದಂತೆ.

ಹಂತ 3: ತೊಗಲನ್ನು ಕಣ್ಣಿಂದ ಓದಿ

ಇದು ನನಗೆ ಎಲ್ಲಕ್ಕಿಂತ ಖುಷಿಯ ಭಾಗ. ಬೇಕಾದದ್ದು ಸರಾಫರು ಕಣ್ಣಿಗೆ ಹಿಡಿಯುವ ಹತ್ತು ಪಟ್ಟಿನ ಲೂಪ್, ಕಿಟಕಿಯ ಪಕ್ಕದ ಹಗಲು ಬೆಳಕು, ಸ್ವಲ್ಪ ತಾಳ್ಮೆ. ನಮ್ಮ ಪರಿಚಯದ ಸರಾಫರೊಬ್ಬರು ಲೂಪ್ ಕೊಡುವಾಗ ಹೇಳಿದ್ದು ಇಲ್ಲಿಗೂ ಸರಿಹೋಗುತ್ತದೆ: "ಅಕ್ಕಾರ, ಒಮ್ಮೆ ನೋಡಿ ಹೌದು ಅನಬ್ಯಾಡ್ರಿ. ಬೆಳಕು ಬದಲಿಸಿ ಇನ್ನೊಮ್ಮೆ ನೋಡ್ರಿ."

ಮೊದಲು ಅಚ್ಚಿನ ತೊಗಲನ್ನು ಗುರುತಿಸಿ. ಮಾರುಕಟ್ಟೆಯಲ್ಲಿ ಮೊಸಳೆ ಅಂತ ಓಡಾಡುವ ಬಹಳಷ್ಟು ಬ್ಯಾಗು ದನದ ತೊಗಲಿನ ಮೇಲೆ ಬಿಸಿ ಅಚ್ಚು ಒತ್ತಿದ್ದು. ಅಚ್ಚಿನ ತಟ್ಟೆಗೆ ಒಂದು ಅಳತೆ ಇರುತ್ತದೆ. ಹಾಗಾಗಿ ಎಲ್ಲೋ ಒಂದು ಕಡೆ ಅದೇ ಹುರುಪೆಗಳ ಗುಂಪು ಮತ್ತೆ ಬಂದೇ ಬರುತ್ತದೆ. ಮುಂಭಾಗದಲ್ಲಿ ವಿಚಿತ್ರ ಆಕಾರದ ಒಂದು ಹುರುಪೆ ಆರಿಸಿಕೊಂಡು ಅದರ ಜೋಡಿ ಹಿಂಭಾಗದಲ್ಲೋ ಬದಿಯಲ್ಲೋ ಇದೆಯಾ ಅಂತ ಹುಡುಕಿ. ತದ್ರೂಪ ಸಿಕ್ಕರೆ ಅದು ಅಚ್ಚು. ಆಮೇಲೆ ಲೂಪ್ ಹಿಡಿದು ಹುರುಪೆಯ ಮೇಲ್ಮೈ ನೋಡಿ. ಕೂದಲು ಇದ್ದ ಜಾಗದ ಸಣ್ಣ ಸಣ್ಣ ರಂಧ್ರಗಳು ಎಲ್ಲ ಕಡೆ ಹರಡಿಕೊಂಡಿದ್ದರೆ ಅದು ದನದ ತೊಗಲು. ಮೊಸಳೆಗೆ ಕೂದಲೆಲ್ಲಿಂದ ಬರಬೇಕು?

ನಿಜವಾದ ಮೊಸಳೆಯ ತೊಗಲಲ್ಲಿ ಹೊಟ್ಟೆಯ ನಡುವಿನ ಹುರುಪೆಗಳು ಚೌಕ, ಬದಿಗೆ ಹೋದಂತೆ ಗುಂಡಗೆ, ಸಣ್ಣಗೆ ಆಗುತ್ತವೆ. ಒಳ್ಳೆಯ ಕೆಲಸಗಾರ ಹೊಟ್ಟೆಯ ನಡುಗೆರೆ ಬ್ಯಾಗಿನ ಮುಂಭಾಗದ ನಡುವಿಗೆ ಬರುವಂತೆ ಕತ್ತರಿಸಿರುತ್ತಾನೆ. ಎಡ-ಬಲ ಒಂದಕ್ಕೊಂದು ಹೊಂದುತ್ತವೆ, ಆದರೆ ಅಳತೆ ಹಿಡಿದಂತೆ ಒಂದೇ ಆಗಿರುವುದಿಲ್ಲ.

ಇನ್ನು ಮೊಸಳೆಯೋ ಅಲಿಗೇಟರೋ? ಹೊಟ್ಟೆಯ ಒಂದೊಂದು ಹುರುಪೆಯ ಅಂಚಿನ ಹತ್ತಿರ ಸೂಜಿ ಮೊನೆ ತಾಗಿಸಿದಷ್ಟು ಒಂದು ಚುಕ್ಕೆ ಹುಡುಕಿ. ನೀರಿನಲ್ಲಿ ಆಗುವ ಸಣ್ಣ ಅಲುಗಾಟವನ್ನು ಮೊಸಳೆ ತಿಳಿಯುವುದು ಆ ಚುಕ್ಕೆಗಳಿಂದ. ಮೊಸಳೆಗೆ ಇವು ಮೈಯೆಲ್ಲ ಇವೆ. ಅಲಿಗೇಟರಿಗೆ ದವಡೆಯ ಸುತ್ತ ಮಾತ್ರ. ಹಾಗಾಗಿ ಬ್ಯಾಗಿನ ತೊಗಲಲ್ಲಿ ಚುಕ್ಕೆ ಇದ್ದರೆ ಮೊಸಳೆಯ ಕಡೆಯದು, ಇಲ್ಲದಿದ್ದರೆ ಅಲಿಗೇಟರ್ ಇರಬಹುದು. ಅಲಿಗೇಟರಿನ ಹೊಟ್ಟೆಯ ಮೇಲೆ ಹೊಕ್ಕುಳ ಗುರುತೂ ಇರುತ್ತದೆ, ನಕ್ಷತ್ರ ಎಳೆದು ಉದ್ದ ಮಾಡಿದ ಹಾಗೆ. ಕತ್ತರಿಸುವಾಗ ಅದು ಬ್ಯಾಗಿನಲ್ಲಿ ಉಳಿದಿದ್ದರೆ ಕಲೆ ಅಂದುಕೊಳ್ಳಬೇಡಿ, ಒಳ್ಳೆಯ ಸಾಕ್ಷಿ ಅದು.

ಮೊಸಳೆ ಅಂತ ಹೇಳಿ ಕೈಮನ್ ಕೊಡುವುದು ಇನ್ನೊಂದು ಮೋಸ. ಕೈಮನ್ ದಕ್ಷಿಣ ಅಮೆರಿಕದ ಪ್ರಾಣಿ. ಅದರ ಹೊಟ್ಟೆಯ ತೊಗಲಲ್ಲೂ ಎಲುಬಿನ ತುಣುಕುಗಳಿರುತ್ತವೆ. ಹಾಗಾಗಿ ತೊಗಲು ಬಿರುಸು. ಹುರುಪೆಯ ಮೇಲೆ ಗುಳಿ ಗುಳಿ. ಬಣ್ಣ ಒಂದೇ ಸಮ ಕೂರುವುದಿಲ್ಲ. ಬೆಲೆಯೂ ಬಹಳ ಕಡಿಮೆ ಇರಬೇಕಾದ್ದು.

ಆಸ್ಟ್ರಿಚ್ ನೋಡುವುದು ಸುಲಭ. ಗರಿ ಕಿತ್ತ ಜಾಗದಲ್ಲಿ ಉಬ್ಬಿದ ಗುಬುಟು, ಅದರ ನೆತ್ತಿಯಲ್ಲಿ ಒಂದು ತೂತು. ಗುಬುಟುಗಳ ಅಳತೆ, ಅಂತರ, ವಾಲಿಕೆ ಎಲ್ಲ ಬೇರೆ ಬೇರೆ. ಬೆನ್ನಿನ ನಡುವೆ ವಜ್ರಾಕಾರದ ಒಂದು ಜಾಗದಲ್ಲಿ ಮಾತ್ರ ಗುಬುಟು ದಟ್ಟ. ಇಡೀ ಬ್ಯಾಗು ಗುಬುಟಿನಿಂದ ತುಂಬಿದ್ದರೆ ಬೆಲೆ ಜಾಸ್ತಿ ಇರುವುದು ಅದಕ್ಕೇ. ಅಚ್ಚಿನದರಲ್ಲಿ ಗುಬುಟುಗಳು ಸಾಲಾಗಿ, ಒಂದೇ ಎತ್ತರದಲ್ಲಿ, ತೂತಿಲ್ಲದೆ ಇರುತ್ತವೆ. ಸ್ಟಿಂಗ್‌ರೇ ಆದರೆ ಗಾಜಿನ ಮಣಿಯಷ್ಟು ಗಟ್ಟಿ ಕಾಳುಗಳು, ನಡುವೆ ದೊಡ್ಡ ಬಿಳಿ ಕಾಳುಗಳ ಒಂದು ಗೆರೆ.

ಎರ್ಮೆಸ್ ಬ್ಯಾಗುಗಳಲ್ಲಿ ಕಂಪನಿಯ ಹೆಸರಿನ ಅಚ್ಚಿನ ಹತ್ತಿರ ಸಣ್ಣ ಗುರುತು ಇರುತ್ತದೆ. ಪೊರೊಸಸ್‌ಗೆ ಗೋಪುರದಂಥ ಗುರುತು, ನಿಲೋಟಿಕಸ್‌ಗೆ ಎರಡು ಚುಕ್ಕೆ, ಅಲಿಗೇಟರಿಗೆ ಸಣ್ಣ ಚೌಕ. ಗುರುತು, ತೊಗಲು, ಕಾಗದ ಮೂರೂ ಒಂದೇ ಪ್ರಾಣಿಯ ಹೆಸರು ಹೇಳಬೇಕು. ಚೌಕದ ಗುರುತು ಇದ್ದು ಹುರುಪೆಯಲ್ಲಿ ಚುಕ್ಕೆ ಕಂಡರೆ ಮಾತು ಅಲ್ಲಿಗೇ ಮುಗಿಯಿತು. ಗುರುತು ಮಾತ್ರ ನಂಬಬೇಡಿ. ಫಸ್ಟ್ ಕಾಪಿ ಮಾಡುವವರಿಗೂ ಆ ಅಚ್ಚು ಒತ್ತಲು ಬರುತ್ತದೆ. ಹಾಗೆಯೇ, ಶನೆಲ್‌ನ ಹೆಬ್ಬಾವಿನ ಬ್ಯಾಗು 2022ರ ಕಲೆಕ್ಷನ್ನಿನದು ಅಂತ ಯಾರಾದರೂ ಹೇಳಿದರೆ ಮೇಲೆ ಹೇಳಿದ 2018ರ ತೀರ್ಮಾನ ನೆನಪಿಸಿಕೊಳ್ಳಿ.

ಹಂತ 4: ಸಣ್ಣದರಿಂದ ಕೊಳ್ಳಿ, ಬಿಲ್ಲು ಇಟ್ಟುಕೊಂಡು ಕೊಳ್ಳಿ

ಮೊದಲನೆಯದು ಬ್ಯಾಗೇ ಆಗಬೇಕಿಲ್ಲ. ಅಲಿಗೇಟರ್ ತೊಗಲಿನ ಕೈಗಡಿಯಾರದ ಪಟ್ಟಿ ಅಥವಾ ಆಸ್ಟ್ರಿಚ್‌ನ ಕಾರ್ಡ್ ಪರ್ಸ್ ತೆಗೆದುಕೊಳ್ಳಿ. ಒಂದು ಬೇಸಿಗೆ, ಒಂದು ಮಳೆಗಾಲ ಬಳಸಿ. ತೊಗಲು ನಿಮ್ಮ ಮನೆಯ ಹವೆಗೆ ಹೇಗೆ ವರ್ತಿಸುತ್ತದೆ ಅನ್ನುವುದು ಗೊತ್ತಾಗುತ್ತದೆ, ಕಣ್ಣೂ ಪಳಗುತ್ತದೆ. ಪಟ್ಟಿ ಸಣ್ಣದಾದರೂ ಅಲಿಗೇಟರ್ ಅಲಿಗೇಟರೇ, ಕಾಗದ ಕೇಳಲೇಬೇಕು.

ಬೆಲೆಯ ಬಗ್ಗೆ ಒಂದು ಮಾತು. 2017ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ವಜ್ರ ಕೂರಿಸಿದ ಒಂದು ಹಿಮಾಲಯ ಬರ್ಕಿನ್ 29.4 ಲಕ್ಷ ಹಾಂಗ್‌ಕಾಂಗ್ ಡಾಲರಿಗೆ ಹೋಯಿತು. ಹೆಸರು ಹಿಮಾಲಯ ಆದರೂ ತೊಗಲು ನೈಲ್ ಮೊಸಳೆಯದು. ಬೂದು ಬಣ್ಣದಿಂದ ಮುತ್ತಿನ ಬಿಳಿಗೆ ನಿಧಾನವಾಗಿ ತಿರುಗುವ ಆ ಬಣ್ಣ ಹಾಕುವುದೇ ದೊಡ್ಡ ಕೆಲಸ. ಆದರೆ 2025ರ ಜುಲೈನಲ್ಲಿ ಪ್ಯಾರಿಸ್‌ನ ಸೋದಬೀಸ್ ಹರಾಜಿನಲ್ಲಿ 86 ಲಕ್ಷ ಯೂರೋ ತಂದ ಬ್ಯಾಗಿನಲ್ಲಿ ಮೊಸಳೆಯೂ ಇಲ್ಲ, ವಜ್ರವೂ ಇಲ್ಲ. ಜೇನ್ ಬರ್ಕಿನ್ ಅವರಿಗಾಗಿ ಮೊದಲು ಮಾಡಿದ, ಅವರೇ ಬಳಸಿ ಸವೆಸಿದ ಕಪ್ಪು ತೊಗಲಿನ ಬ್ಯಾಗು ಅದು. ಯಾರದು, ಯಾವಾಗಿನದು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವುದಕ್ಕೆ ದಾಖಲೆ ಇದ್ದದ್ದರಿಂದ ಆ ಬೆಲೆ ಬಂತು. ನಿಮ್ಮ ಸಣ್ಣ ಸಂಗ್ರಹಕ್ಕೂ ಇದೇ ನಿಯಮ.

ಇಲ್ಲಿಂದ ಕೊಳ್ಳುವ ದಾರಿ ಎರಡು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋಗಿ ಕಂಪನಿಯ ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ನೋಡುವುದು ಒಂದು. ಎರ್ಮೆಸ್‌ನದ್ದು ಹಾರ್ನಿಮನ್ ಸರ್ಕಲ್ ಹತ್ತಿರ ಇದೆ. ಬಳಸಿದ ಬ್ಯಾಗು ಮಾರುವವರಿಂದ ಕೊಳ್ಳುವುದು ಇನ್ನೊಂದು. ಬಳಸಿದ್ದನ್ನು ಕೊಳ್ಳುವಾಗ ಮೂಲ ಬಿಲ್ಲು, ಪರ್ಮಿಟ್ಟಿನ ಪ್ರತಿ, ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ (ಆಮದಿನ ದಾಖಲೆ), ಈ ಮೂರೂ ಬೇಕು. "ಪೇಪರ್ ಆಮೇಲೆ ಕಳಿಸ್ತೀವಿ" ಅಂದರೆ ದುಡ್ಡೂ ಆಮೇಲೆ ಕಳಿಸಿ.

ನಗದು ವ್ಯವಹಾರ ಬೇಡ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. 2025ರ ಏಪ್ರಿಲ್ 22ರಿಂದ 10 ಲಕ್ಷ ರೂಪಾಯಿ ದಾಟಿದ ಹ್ಯಾಂಡ್‌ಬ್ಯಾಗಿನ ಮೇಲೆ ಮಾರುವವರು ಶೇಕಡಾ 1ರಷ್ಟು ಟಿಸಿಎಸ್, ಅಂದರೆ ಮಾರುವಾಗಲೇ ವಸೂಲಿ ಮಾಡುವ ಆದಾಯ ತೆರಿಗೆ, ಹಿಡಿಯಬೇಕು. ಅದು ನಿಮ್ಮ ಪ್ಯಾನ್‌ಗೆ ಜಮೆ ಆಗುತ್ತದೆ, ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅದನ್ನು ಉಳಿಸಲು ಬಿಲ್ಲನ್ನು ಒಡೆದು ಕೊಡುತ್ತೇನೆ ಅನ್ನುವ ಅಂಗಡಿಯ ಉಳಿದ ಕಾಗದವನ್ನೂ ನಾನು ನಂಬುವುದಿಲ್ಲ.

ಹಂತ 5: ನಮ್ಮ ಬಿಸಿಲಿಗೂ ಕೂಲರಿಗೂ ನಡುವೆ ಉಳಿಸಿಕೊಳ್ಳಿ

ಪ್ಯಾರಿಸ್‌ನವರು ಬರೆದ ಆರೈಕೆಯ ಚೀಟಿಯಲ್ಲಿ ಕಲಬುರಗಿಯ ಮೇ ತಿಂಗಳು ಇರುವುದಿಲ್ಲ. ತೊಗಲಿಗೆ ಬೇಕಾದ ತೇವಾಂಶ ಶೇಕಡಾ 45ರಿಂದ 55. ಉಷ್ಣತೆ 25 ಡಿಗ್ರಿಯ ಒಳಗಿದ್ದರೆ ಒಳ್ಳೆಯದು. ಇಲ್ಲಿ ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುತ್ತದೆ, ಗಾಳಿ ಹಪ್ಪಳದಂತೆ ಒಣಗಿರುತ್ತದೆ. ತೊಗಲಿನ ಒಳಗಿನ ಎಣ್ಣೆ, ನೀರು ಆರಿಹೋಗಿ ಹುರುಪೆಗಳ ನಡುವಿನ ಗೀರಿನಲ್ಲಿ ಬಿರುಕು ಶುರುವಾಗುತ್ತದೆ. ಹಲ್ಲಿ, ಹಾವಿನ ತೊಗಲಾದರೆ ಹುರುಪೆಯೇ ಎದ್ದು ಉದುರುತ್ತದೆ. ಅಂಚಿಗೆ ಬಳಿದ ಬಣ್ಣ, ಒಳಗಿನ ಅಂಟು ಮೆತ್ತಗಾಗುತ್ತವೆ. ಮಧ್ಯಾಹ್ನ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬ್ಯಾಗು ಬಿಡುವುದಂತೂ ಬೇಡವೇ ಬೇಡ.

ಬಹಳ ಜನರಿಗೆ ಹೊಳೆಯದ ಅಪಾಯ ಕೂಲರ್. ನಮ್ಮ ಮನೆಗಳ ನೀರಿನ ಕೂಲರ್ ಕೋಣೆಯನ್ನು ತಣ್ಣಗೆ ಮಾಡುವುದೇ ನೀರನ್ನು ಗಾಳಿಗೆ ಸೇರಿಸಿ. ಹೊರಗೆ ಬೆಂಕಿ, ಒಳಗೆ ಮಳೆಗಾಲ. ಕೂಲರಿನ ಗಾಳಿ ನೇರ ಬಡಿಯುವ ಅಲಮಾರಿಯಲ್ಲಿ ಬ್ಯಾಗಿಟ್ಟರೆ ಬೇಸಿಗೆಯಲ್ಲೇ ಬೂಸ್ಟು ಹಿಡಿಯುತ್ತದೆ. ಹಗಲು ಕೂಲರ್ ಹಾಕಿ ರಾತ್ರಿ ಆರಿಸಿದರಂತೂ ತೊಗಲು ದಿನಾ ಹಿಗ್ಗಿ ಕುಗ್ಗುತ್ತದೆ.

ಹಾಗಾಗಿ ಜಾಗ ಆರಿಸುವುದರಿಂದ ಶುರು ಮಾಡಿ. ಕೂಲರ್ ಇಲ್ಲದ, ಮನೆಯ ನಡುವಿನ ಕೋಣೆ ಒಳ್ಳೆಯದು. ಪಡುವಣ ಗೋಡೆಗೆ ತಾಗಿಸಿ ಉಕ್ಕಿನ ಅಲಮಾರಿ ಇಡಬೇಡಿ, ಸಂಜೆಯ ಹೊತ್ತಿಗೆ ಒಳಗೆಲ್ಲ ಕಾದಿರುತ್ತದೆ. ಒಳಗೋಡೆಗೆ ಇಡಿ, ಗೋಡೆಗೂ ಅಲಮಾರಿಗೂ ನಡುವೆ ಕೈ ಹೋಗುವಷ್ಟು ಜಾಗ ಬಿಡಿ. ಶಹಾಬಾದ್ ಕಲ್ಲಿನ ನೆಲ ಮಳೆಗಾಲದಲ್ಲಿ ಥಂಡಿ ಹಿಡಿಯುವುದರಿಂದ ಕೆಳಗೆ ಮರದ ಹಲಗೆ ಹಾಕಿ. ಬೀದರ್‌ನವರಿಗೆ ಬಿಸಿಲಿನ ಕಾಟ ಸ್ವಲ್ಪ ಕಡಿಮೆ, ಮಳೆ ಜಾಸ್ತಿ. ಅಲ್ಲಿ ಬೂಸ್ಟಿನ ಕಡೆ ಹೆಚ್ಚು ನಿಗಾ ಬೇಕು.

ಅಲಮಾರಿಯೊಳಗೆ ತೇವಾಂಶ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಇಡಿ. ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ತೇವಾಂಶ 60 ದಾಟಿದರೆ ಸಿಲಿಕಾ ಜೆಲ್ ಇಡಿ, ಬ್ಯಾಗಿಗೆ ತಾಗದಂತೆ. ಫೆಬ್ರವರಿ ಬಂದ ಕೂಡಲೇ ಅದನ್ನು ತೆಗೆಯಿರಿ. ಒಣ ಹವೆಯಲ್ಲಿ ಸಿಲಿಕಾ ಜೆಲ್ ಇಟ್ಟರೆ ಇದ್ದ ತೇವವನ್ನೂ ಹೀರುತ್ತದೆ. ಹೆಚ್ಚಾದರೆ ಹೀರಿಕೊಂಡು, ಕಡಿಮೆಯಾದರೆ ಬಿಡುವ ಎರಡೂ ಕೆಲಸದ ಪ್ಯಾಕೆಟ್‌ಗಳು ಬರುತ್ತವೆ. ಸಂಗೀತದ ವಾದ್ಯಗಳಿಗೆ ಬಳಸುವಂಥವು. ನಮ್ಮ ಬೇಸಿಗೆಗೆ ಅವು ಸರಿ.

ಬ್ಯಾಗನ್ನು ಹತ್ತಿಬಟ್ಟೆಯ ಚೀಲದಲ್ಲಿ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಒಳಗೆ ಆಮ್ಲ ಇಲ್ಲದ ಬಿಳಿ ಟಿಶ್ಯೂ ಕಾಗದ ತುಂಬಿ. ಪೇಪರ್ ತುಂಬಿದರೆ ಶಾಯಿ ಒಳಗೆ ಹತ್ತುತ್ತದೆ. ಪ್ಲಾಸ್ಟಿಕ್ ಕವರ್ ಬೇಡ. ಸೀರೆಗೆ ಹಾಕುವ ಡಾಂಬರ ಗುಳಿಗೆಯ ವಾಸನೆ ತೊಗಲಿಗೆ ಹಿಡಿದರೆ ಬಿಡುವುದಿಲ್ಲ, ಅದನ್ನು ಬೇರೆ ಅಲಮಾರಿಯಲ್ಲಿಡಿ. ಬೇವಿನ ಎಲೆಯೂ ಬೇಡ, ತೇವ ಬಿಟ್ಟು ಕಲೆ ಮಾಡುತ್ತದೆ. ತಿಂಗಳಿಗೊಮ್ಮೆ ಹೊರತೆಗೆದು ನೆರಳಲ್ಲಿ, ಫ್ಯಾನಿನ ಗಾಳಿಯಲ್ಲಿ ಸ್ವಲ್ಪ ಹೊತ್ತು ಇಡಿ. ಮೆತ್ತನೆಯ ಒಣ ಬಟ್ಟೆಯಿಂದ ಹುರುಪೆ ಮಲಗಿದ ದಿಕ್ಕಿಗೇ ಒರೆಸಿ. ಎದುರು ದಿಕ್ಕಿಗೆ ಒರೆಸಿದರೆ ಅಂಚು ಏಳುತ್ತದೆ.

ಕೊಬ್ಬರಿ ಎಣ್ಣೆ, ಶೂ ಪಾಲಿಶ್, ವ್ಯಾಸಲೀನ್ ಹಚ್ಚಬೇಡಿ. ಎಣ್ಣೆ ಒಂದೇ ಸಮ ಹೀರುವುದಿಲ್ಲ, ಕಪ್ಪು ಮಚ್ಚೆ ಉಳಿಯುತ್ತದೆ. ಮೊಸಳೆ ತೊಗಲಿನ ಹೊಳಪು ಅಕೀಕ್ ಕಲ್ಲಿನಿಂದ ಉಜ್ಜಿ ತಂದದ್ದು. ಅದರ ಮೇಲೆ ನೀರು ಬಿದ್ದರೆ ಕಲೆ ನಿಲ್ಲುತ್ತದೆ. ಮಳೆ ಹನಿ ಬಿದ್ದರೆ ಒತ್ತಿ ಹೀರಿಸಿ, ಉಜ್ಜಬೇಡಿ. ಹೇರ್ ಡ್ರೈಯರ್ ಹಿಡಿಯಬೇಡಿ.

ಹಂತ 6: ಬಳಸುವಾಗ

ಸಂಗ್ರಹ ಅಂದರೆ ಮುಚ್ಚಿಡುವುದಲ್ಲ. ಆಗಾಗ ಕೈಯಲ್ಲಿ ಓಡಾಡಿದ ಬ್ಯಾಗಿನ ತೊಗಲು ಮೆತ್ತಗೆ ಉಳಿಯುತ್ತದೆ. ಆದರೆ ಅರಿಶಿನ-ಕುಂಕುಮದ ಕಾರ್ಯಕ್ರಮಕ್ಕೆ ತಿಳಿ ಬಣ್ಣದ ಆಸ್ಟ್ರಿಚ್ ಒಯ್ಯಬೇಡಿ. ಅರಿಶಿನ ಗುಬುಟಿನ ತೂತಿಗೆ ಇಳಿದರೆ ಹೋಗುವುದಿಲ್ಲ. ಮೆಹೆಂದಿ, ಸ್ಯಾನಿಟೈಸರ್, ಅತ್ತರ್ ಕೈಯಲ್ಲಿ ಪೂರ್ತಿ ಆರಿದ ಮೇಲೆಯೇ ಹಿಡಿ ಮುಟ್ಟಿ. ಆಸ್ಟ್ರಿಚ್‌ನ ಹಿಡಿ ಕೈಯ ಬೆವರಿಗೆ ಬೇಗ ಕಪ್ಪಾಗುತ್ತದೆ, ರೇಷ್ಮೆ ಪಟ್ಟಿ ಸುತ್ತಿ. ಹೊಸ ಜೀನ್ಸಿನ ನೀಲಿ ಬಣ್ಣ, ಬಣ್ಣ ಬಿಡುವ ಹೊಸ ಸೀರೆ, ಎರಡರಿಂದಲೂ ದೂರ ಇಡಿ.

ಹೊರದೇಶಕ್ಕೆ ಹೋಗುವಾಗ ಮೊಸಳೆ ಬ್ಯಾಗು ಮನೆಯಲ್ಲೇ ಇರಲಿ. ಗಡಿ ದಾಟಿದಾಗಲೆಲ್ಲ ಸೈಟಿಸ್ ಪ್ರಶ್ನೆ ಮತ್ತೆ ಬರುತ್ತದೆ. ರಿಪೇರಿಗೆ ಕಂಪನಿ ಅದನ್ನು ಪ್ಯಾರಿಸ್‌ಗೆ ಕಳಿಸಬೇಕಾದರೂ ಹೋಗಲು ಒಂದು ಕಾಗದ, ಬರಲು ಒಂದು ಕಾಗದ ಬೇಕು. ಕಂಪನಿಯ ಅಂಗಡಿಯಲ್ಲಿ ಇದನ್ನು ಮೊದಲೇ ವಿಚಾರಿಸಿ. ಹೊಲಿಗೆ ಬಿಟ್ಟರೆ ಊರಲ್ಲಿ ಅಂಟು ಹಾಕಿಸಬೇಡಿ. ಒಳ್ಳೆಯ ಬ್ಯಾಗುಗಳ ಹೊಲಿಗೆ ಎರಡು ಸೂಜಿ, ಮೇಣ ಹಚ್ಚಿದ ಲಿನನ್ ದಾರದ ಕೈಹೊಲಿಗೆ. ಒಂದು ದಾರ ಹರಿದರೂ ಇನ್ನೊಂದು ಹಿಡಿದಿರುತ್ತದೆ. ಹಾಗಾಗಿ ಗಾಬರಿ ಬೇಡ, ಬಳಸುವುದು ನಿಲ್ಲಿಸಿ ಸರಿಯಾದ ಕೈಗೆ ಕೊಡಿ.

ಹಂತ 7: ಪ್ರತಿ ಬ್ಯಾಗಿಗೂ ಒಂದು ಫೈಲು

ಬಿಲ್ಲು, ಬ್ಯಾಂಕಿನ ಪಾವತಿ ಪ್ರತಿ, ಪರ್ಮಿಟ್, ಬಿಲ್ ಆಫ್ ಎಂಟ್ರಿ, ಬ್ಯೂರೋದ ಉತ್ತರ, ರಿಪೇರಿಯ ಚೀಟಿ, ಎಲ್ಲ ಒಂದೇ ಫೈಲಿನಲ್ಲಿ. ಜೊತೆಗೆ ಫೋಟೋಗಳು. ಮುಂಭಾಗದ ಹುರುಪೆಗಳ ವಿನ್ಯಾಸ ಸ್ಪಷ್ಟವಾಗಿ ಕಾಣುವಂತೆ ನೇರವಾಗಿ ಒಂದು ಫೋಟೋ ತೆಗೆಯಿರಿ. ಎರಡು ಪ್ರಾಣಿಗಳ ಹೊಟ್ಟೆಯ ವಿನ್ಯಾಸ ಒಂದೇ ಇರುವುದಿಲ್ಲ. ಕಳುವಾದರೆ, ರಿಪೇರಿಯಿಂದ ಬೇರೆ ಬ್ಯಾಗು ಬಂದರೆ, ಗುರುತು ಹಚ್ಚಲು ಆ ಫೋಟೋ ಸಾಕು. ವಿಮೆಯಲ್ಲಿ ಬ್ಯಾಗನ್ನು ಹೆಸರು, ಬೆಲೆ ಬರೆದು ಬೇರೆಯಾಗಿ ಸೇರಿಸಿ. ಮನೆಯ ಸಾಮಾನ್ಯ ಪಾಲಿಸಿಯಲ್ಲಿ ತಾನಾಗಿ ಬರುತ್ತದೆ ಅಂತ ತಿಳಿಯಬೇಡಿ.

ಅಜ್ಜಿಯ ಕಾಲದ ಪರ್ಸು ಸಿಕ್ಕರೆ

ಹಳೆಯ ಮನೆ ಖಾಲಿ ಮಾಡುವಾಗ ಟ್ರಂಕಿನಲ್ಲಿ ಹಾವಿನ ತೊಗಲಿನ ಪರ್ಸೋ, ಉಡದ ತೊಗಲಿನ ಬೆಲ್ಟೋ ಸಿಗುವುದುಂಟು. ಕಾಯ್ದೆ ಬರುವ ಮೊದಲು ಇವು ಅಂಗಡಿಯಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದವು. ಇದು ಸಂಗ್ರಹಕ್ಕೆ ಸೇರುವ ವಸ್ತು ಅಲ್ಲ. ನಮ್ಮ ದೇಶದ ಪ್ರಾಣಿಯ ತೊಗಲಾದರೆ ಮಾಲೀಕತ್ವದ ಪ್ರಮಾಣಪತ್ರ ಬೇಕು. ಹಾಗೆ ಇಟ್ಟುಕೊಂಡವರು ಘೋಷಿಸಿಕೊಳ್ಳಲು 2003ರಲ್ಲಿ 180 ದಿನ ಕೊಟ್ಟಿದ್ದರು, ಆ ಅವಕಾಶ ಮುಗಿದು ಎಷ್ಟೋ ಕಾಲವಾಯಿತು. ಪ್ರಮಾಣಪತ್ರ ಇದ್ದರೂ ಮಾರುವಂತಿಲ್ಲ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಲಾಕೆಟ್ಟಿನ ವಿಷಯ ರಾಜ್ಯದ ತುಂಬ ಸುದ್ದಿಯಾದಾಗ ಎಷ್ಟೋ ಮನೆಗಳಲ್ಲಿ ಅಲಮಾರಿ ತೆರೆದು ನೋಡಿಕೊಂಡರು. ಪರ್ಸಿಗೂ ಅದೇ ಕಾನೂನು.

ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಬೆಲೆ ಕೇಳಲು ಹೋಗಬೇಡಿ, ಸುಟ್ಟುಹಾಕಲೂ ಬೇಡಿ. ಯಾರ ಟ್ರಂಕು, ಯಾವಾಗ ಸಿಕ್ಕಿತು, ಮನೆಯಲ್ಲಿ ಅದರ ಬಗ್ಗೆ ಏನು ಗೊತ್ತು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು, ವಕೀಲರಿಗೆ ಒಮ್ಮೆ ತೋರಿಸಿ. ಆಮೇಲೆ ಅವರನ್ನೇ ಕರೆದುಕೊಂಡು ಜಿಲ್ಲೆಯ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಸ್ವೀಕೃತಿ ಪತ್ರ ಪಡೆದುಕೊಂಡು ಬನ್ನಿ.